ಭಾನುವಾರದ ಚರ್ಚೆ: ವನುವಾಟುವಿನ ಯುವಜನರು

ಆತ್ಮೀಯ ಸದಸ್ಯರೇ,

ಈ ಭಾನುವಾರ ಸಂಜೆ ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ವನುವಾಟುವಿನ ಕುರಿತು ಚರ್ಚಿಸಲಿರುವುದರಿಂದ, ದಯವಿಟ್ಟು ಈ ಹಿನ್ನೆಲೆಯನ್ನು ಓದಿಕೊಂಡು ಬನ್ನಿ.

ಸುಮಾರು 80 ದ್ವೀಪಗಳ ಈ ದೇಶವನ್ನು 2015ರಲ್ಲಿ ಪಾಮ್ ಚಂಡಮಾರುತ ತತ್ತರಿಸುವಂತೆ ಮಾಡಿತು; 2023ರ ಮಾರ್ಚ್‌ನಲ್ಲಿ ಜೂಡಿ ಮತ್ತು ಕೆವಿನ್ ಎಂಬ ಎರಡು ಚಂಡಮಾರುತಗಳು ಒಂದೇ ವಾರದಲ್ಲಿ ಅಪ್ಪಳಿಸಿದವು. ಭೂಮಿಯನ್ನು ಬಿಸಿಮಾಡುವ ಅನಿಲಗಳಲ್ಲಿ ಈ ದೇಶದ ಪಾಲು ತೀರಾ ಅತ್ಯಲ್ಪ ಎಂಬುದೇ ಮನಸ್ಸಿಗೆ ನೋವು ತರುವ ಸಂಗತಿ.

ಹವಾಮಾನದ ವಿಷಯದಲ್ಲಿ ರಾಷ್ಟ್ರಗಳ ಕಾನೂನಾತ್ಮಕ ಹೊಣೆಯೇನೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬೇಕೆಂದು 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು ಪಟ್ಟುಹಿಡಿದರು. ಅವರ ಬೇಡಿಕೆಯನ್ನು ವನುವಾಟು ಸರ್ಕಾರ ಕೈಗೆತ್ತಿಕೊಂಡು, 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಮ್ಮತದಿಂದ ನಿರ್ಣಯ ಅಂಗೀಕರಿಸುವವರೆಗೂ ಮುನ್ನಡೆಸಿತು. ತರಗತಿಯಲ್ಲಿ ಹುಟ್ಟಿದ ಪ್ರಶ್ನೆಯೊಂದು ಇಷ್ಟು ದೂರ ಸಾಗಿದ್ದು ನನಗೆ ಇಂದಿಗೂ ಬೆರಗು.

2025ರ ಜುಲೈ 23ರಂದು ನ್ಯಾಯಾಲಯವು, ಹವಾಮಾನವನ್ನು ರಕ್ಷಿಸುವ ಬಾಧ್ಯತೆಯನ್ನು ಮುರಿದ ರಾಷ್ಟ್ರ ಪರಿಹಾರ ನೀಡಬೇಕಾಗಿ ಬರಬಹುದೆಂದು ಸರ್ವಾನುಮತದಿಂದ ಅಭಿಪ್ರಾಯಪಟ್ಟಿತು. ಇದು ಸಲಹೆಯೇ ಹೊರತು ಕಡ್ಡಾಯ ತೀರ್ಪಲ್ಲ. ಹಾಗಿದ್ದರೆ ಇದರ ಬಲವೆಷ್ಟು ಎಂಬ ಪ್ರಶ್ನೆಯಿಂದಲೇ ಚರ್ಚೆ ಆರಂಭಿಸೋಣ.