ಭಾನುವಾರದ ಕೂಟ: ಲೇಸರ್ ಬೆಳಕಿನಲ್ಲಿ ಬ್ಯಾಕ್ಟೀರಿಯಾ

ಪ್ರಯೋಗಾಲಯದ ಬಂಧುಗಳೆಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10.30ಕ್ಕೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಎಂದಿನ ಕೊಠಡಿಯಲ್ಲಿ ಸೇರೋಣ. ವಿಷಯ: ರಾಮನ್ ರೋಹಿತದಿಂದ (ಚದುರಿದ ಬೆಳಕಿನ ತರಂಗಾಂತರಗಳ ನಕ್ಷೆಯಿಂದ) ಬ್ಯಾಕ್ಟೀರಿಯಾ ಗುರುತಿಸುವುದು.

ಕಲ್ಚರ್‌ಗೆ ಹಾಕಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಕಾಲೊನಿ (ಕಣ್ಣಿಗೆ ಕಾಣುವ ಗುಂಪು) ಏಳಲಿ ಎಂದು ಒಂದೆರಡು ದಿನ ಕಾಯುವುದು ನಮಗೆಲ್ಲ ಗೊತ್ತೇ ಇದೆ. ರೋಗಿಯ ಮನೆಯವರ ಫೋನು ಮಾತ್ರ ಕಾಯುವುದಿಲ್ಲ. ರಾಮನ್ ವಿಧಾನದ ದಾರಿ ಬೇರೆ: ಲೇಸರ್ ಬಿದ್ದ ಜೀವಕೋಶದಿಂದ ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಫೋಟಾನ್ (ಬೆಳಕಿನ ಕಣ) ಮಾತ್ರ ತನ್ನ ತರಂಗಾಂತರ ಬದಲಿಸುತ್ತದೆ. ಆ ಬದಲಾವಣೆಯಲ್ಲೇ ಪ್ರೋಟೀನು, ಕೊಬ್ಬು, ಡಿಎನ್‌ಎಗಳ ಗುರುತು ಇರುತ್ತದೆ. ಅದನ್ನು ಮೊದಲೇ ಗೊತ್ತಿರುವ ರೋಹಿತಗಳೊಂದಿಗೆ ಕಂಪ್ಯೂಟರ್ ಹೋಲಿಸಿ ನೋಡುತ್ತದೆ. 1928ರಲ್ಲಿ ಸಿ.ವಿ. ರಾಮನ್ ಕಂಡದ್ದು ಇದೇ ಪರಿಣಾಮವನ್ನು. ಆಗ ಲೇಸರ್ ಇರಲಿಲ್ಲ, ಅಷ್ಟೇ. ಸಂಕೇತ ಬಹಳ ದುರ್ಬಲ, ಹಾಗಾಗಿ ಕಲ್ಚರ್ ತಟ್ಟೆಗಳನ್ನು ಈಗಲೇ ಅಟ್ಟಕ್ಕೆ ಹಾಕಬೇಡಿ.

ಮಂಗನ ಕಾಯಿಲೆಯ ಬಗ್ಗೆ ಕೇಳಿದವರಿಗೆ: ಅದು ಬರುವುದು ವೈರಸ್‌ನಿಂದ, ಬ್ಯಾಕ್ಟೀರಿಯಾದಿಂದಲ್ಲ; ಇನ್ನೊಮ್ಮೆ ನೋಡೋಣ.

ಉಪಕರಣ ಇರುವುದಿಲ್ಲ, ಚಿತ್ರಗಳಷ್ಟೇ. ರೋಗಿಗಳ ಮಾದರಿಯನ್ನಾಗಲಿ, ಹೆಸರಿರುವ ವರದಿಯನ್ನಾಗಲಿ ಯಾರೂ ತರಬೇಡಿ. ತೀರ್ಥಹಳ್ಳಿ, ಹೊಸನಗರ, ಸಾಗರದವರು ಮಳೆ ನೋಡಿಕೊಂಡು ಬೇಗ ಹೊರಡಿ.

ಬರುವವರು ಗುರುವಾರ ಸಂಜೆಯೊಳಗೆ ‘ಬರುತ್ತೇನೆ’ ಎಂದು ಇಲ್ಲಿಯೇ ಬರೆಯಿರಿ. ಬರೀ ಹೆಬ್ಬೆರಳು ಎತ್ತಿದರೆ ಊಟದ ಲೆಕ್ಕ ಸಿಗುವುದಿಲ್ಲ.