ಮಂತ್ರ ತಪ್ಪಿದರೆ ಐದು ಹೆಲ್ತ್ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಟೇಬಲ್ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಯುದ್ಧದ ಆಟಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕನ್ನಡದಲ್ಲಿ ಇಂಥದ್ದು ಬರುವುದೇ ಅಪರೂಪ. ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಫ್ರಾಸ್ಟ್‌ಗ್ರೇವ್ ಆಟದಲ್ಲಿ ಮಂತ್ರ ಹಾಕುವ ನಿಯಮ ಹೇಳುವ ಪ್ಯಾರಾ ಮಾತ್ರ ಎಡವಟ್ಟಾಗಿದೆ. ದಾಳ ಹಾಕಬೇಕಂತೆ, ಬೇಕಾದ ಸಂಖ್ಯೆ ಬೀಳದಿದ್ದರೆ ಮಂತ್ರವಾದಿಯ ಐದು ಹೆಲ್ತ್, ಅಂದರೆ ಜೀವದ ಅಂಕಿ, ಹೋಗುತ್ತದಂತೆ, ಬಿದ್ದರೂ ಎದುರಿನ ಮಂತ್ರವಾದಿ ಅದನ್ನು ಒಡೆದುಹಾಕಬಹುದಂತೆ. ಇದರಲ್ಲಿ ದಾಳ ಹಾಕುವ ಮಾತೊಂದು ಸರಿ. ಅದೂ ಅರ್ಧ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಮಗ ತಂದುಕೊಟ್ಟ ಈ ಆಟದ ಪುಸ್ತಕ ನಮ್ಮ ಮನೆಯಲ್ಲಿದೆ. ಬೀದಿಯ ಹೈಸ್ಕೂಲ್ ಮಕ್ಕಳು ರಜೆ ಬಂದರೆ ನಮ್ಮ ಊಟದ ಟೇಬಲ್ ಮೇಲೆ ಆಡುತ್ತಾರೆ. ಪುಸ್ತಕ ಇಂಗ್ಲಿಷಿನಲ್ಲಿದೆ, ಹಾಗಾಗಿ ಕನ್ನಡ ಪೇಪರಿನಲ್ಲಿ ಬಂದದ್ದೇ ಅವರಿಗೆ ಪ್ರಮಾಣ. ನಿಮ್ಮ ಲೇಖನ ಓದಿದ ಮೇಲೆ ಅವರು ಮಂತ್ರ ಹಾಕುವುದನ್ನೇ ಬಿಟ್ಟರು. ಅವರ ಲೆಕ್ಕವೇನೂ ತಪ್ಪಲ್ಲ. ಹೊಸ ಮಂತ್ರವಾದಿಗೆ ಇರುವುದು 14 ಹೆಲ್ತ್. ಮೂರು ಸಲ ತಪ್ಪಿದರೆ 15 ಹೋಯಿತು, ಆಸಾಮಿ ಖಲಾಸ್. ಈಗ ಎಲ್ಲರ ಪಡೆಯಲ್ಲೂ ಬಿಲ್ಲುಗಾರರೇ ಜಾಸ್ತಿ. ಮಂತ್ರವಾದಿ ಗೋಡೆ ಮರೆಯಲ್ಲಿ ಸುಮ್ನೆ ನಿಂತಿರುತ್ತಾನೆ. ಹಿಮದಲ್ಲಿ ಹೂತುಹೋಗಿದ್ದ ಊರಿಗೆ ಮಂತ್ರವಾದಿಗಳು ನಿಧಿ ಹುಡುಕಿಕೊಂಡು ಬರುವ ಕಥೆ ಇದು. ಅದರಲ್ಲಿ ಮಂತ್ರವೇ ಇಲ್ಲ ಅಂದರೆ ಇನ್ನೇನು ಉಳಿಯಿತು?

ನಿಜವಾದ ನಿಯಮ ಹೀಗಿದೆ. ಪ್ರತಿ ಮಂತ್ರಕ್ಕೂ ಒಂದು ಕಾಸ್ಟಿಂಗ್ ನಂಬರ್ ಇದೆ. ಇಪ್ಪತ್ತು ಮುಖದ ದಾಳ ಹಾಕಿ ಆ ನಂಬರನ್ನು ಮುಟ್ಟಿದರೆ ಅಥವಾ ದಾಟಿದರೆ ಮಂತ್ರ ಫಲಿಸಿತು. ಮುಟ್ಟದಿದ್ದರೆ, ಎಷ್ಟು ಕಮ್ಮಿ ಬಿತ್ತು ಎಂಬುದನ್ನು ನೋಡಬೇಕು. ಒಂದರಿಂದ ನಾಲ್ಕು ಕಮ್ಮಿಯಾದರೆ ಏನೂ ಆಗುವುದಿಲ್ಲ. ಐದರಿಂದ ಒಂಬತ್ತಾದರೆ 1 ಹೆಲ್ತ್ ಹೋಗುತ್ತದೆ, ಹತ್ತರಿಂದ ಹತ್ತೊಂಬತ್ತಾದರೆ 2. ಇಪ್ಪತ್ತೋ ಅದಕ್ಕಿಂತ ಜಾಸ್ತಿಯೋ ಕಮ್ಮಿಯಾದರೆ ಮಾತ್ರ ನಿಮ್ಮ ಲೇಖಕರು ಹೇಳಿದ 5.

ಕಾಸ್ಟಿಂಗ್ ನಂಬರ್ 14 ಅಂದುಕೊಳ್ಳಿ. ದಾಳದ ಇಪ್ಪತ್ತು ಮುಖಗಳಲ್ಲಿ ಏಳರಲ್ಲಿ ಮಂತ್ರ ಫಲಿಸುತ್ತದೆ. ನಾಲ್ಕರಲ್ಲಿ ತಪ್ಪಿದರೂ ನಷ್ಟವಿಲ್ಲ. ಐದರಲ್ಲಿ 1 ಹೆಲ್ತ್, ಉಳಿದ ನಾಲ್ಕರಲ್ಲಿ 2 ಹೆಲ್ತ್ ಹೋಗುತ್ತದೆ. 5 ಹೆಲ್ತ್ ಹೋಗುವ ಮುಖವೇ ಇಲ್ಲ! ಅದು ಆಗಬೇಕಾದರೆ ಬಹಳ ಕಷ್ಟಪಡಬೇಕು. ಆಟದಲ್ಲಿ ಮಂತ್ರವಿದ್ಯೆಯ ಹತ್ತು ಪಂಥಗಳಿವೆ. ನಮ್ಮದೇ ಪಂಥದ ಮಂತ್ರವಾದರೆ ಪುಸ್ತಕದಲ್ಲಿದ್ದ ನಂಬರೇ ಲೆಕ್ಕ. ನಂಟಿರುವ ಪಂಥದ್ದಾದರೆ 2 ಕೂಡಬೇಕು, ನಂಟೂ ಇಲ್ಲದ ಜಗಳವೂ ಇಲ್ಲದ ಪಂಥದ್ದಾದರೆ 4, ವಿರೋಧಿ ಪಂಥದ್ದಾದರೆ 6. ಮಂತ್ರವಾದಿಯ ಬದಲು ಅವನ ಶಿಷ್ಯ ಮಂತ್ರ ಹಾಕಿದರೆ ದಾಳದಲ್ಲಿ ಬಿದ್ದದ್ದರಿಂದ 2 ಕಳೆಯಬೇಕು. ಅಂದರೆ ಇದೇ 14ರ ಮಂತ್ರ ವಿರೋಧಿ ಪಂಥದವರಿಗೆ 20 ಆಗುತ್ತದೆ. ಅದನ್ನು ಶಿಷ್ಯನ ಕೈಲಿ ಹಾಕಿಸಿ, ದಾಳದಲ್ಲಿ ಒಂದು ಬಿದ್ದರೆ, ಆಗ 21 ಕಮ್ಮಿ. ಅಂಥ ಕೆಲಸ ಮಾಡಿದವನಿಗೆ 5 ಹೆಲ್ತ್ ಹೋದರೆ ಅಯ್ಯೋ ಅನ್ನಬೇಕಾಗಿಲ್ಲ.

ಇನ್ನು ಲೇಖನ ಪೂರ್ತಿ ಬಿಟ್ಟೇಬಿಟ್ಟಿದ್ದು ಎಂಪವರ್ ಮಾಡುವ ನಿಯಮ. ನನ್ನ ಪ್ರಕಾರ ಆಟದ ಜೀವ ಇರುವುದೇ ಅಲ್ಲಿ. ದಾಳ ಬಿದ್ದ ಮೇಲೆ ಮಂತ್ರವಾದಿ ತನ್ನ ಹೆಲ್ತನ್ನು ಕೊಟ್ಟು ಆ ಅಂಕಿಯನ್ನು ಏರಿಸಬಹುದು. ಒಂದು ಹೆಲ್ತಿಗೆ ಒಂದು ಅಂಕಿ. 14 ಬೇಕಿತ್ತು, 11 ಬಿತ್ತು. ಮೂರು ಹೆಲ್ತ್ ಕೊಡಿ, ಮಂತ್ರ ಫಲಿಸಿತು. ಕೊಡಬೇಕೋ ಬೇಡವೋ ಎಂಬುದನ್ನು ದಾಳ ನೋಡಿದ ಮೇಲೆ ತೀರ್ಮಾನಿಸಬಹುದು. ನಮ್ಮ ಚೌಕಾಬಾರದಲ್ಲೂ ಹಾಗೇ ಅಲ್ವಾ? ಕವಡೆ ಬಿದ್ದ ಮೇಲೆ ಯಾವ ಕಾಯಿ ನಡೆಸುವುದು ಎಂಬುದರಲ್ಲಿ ತಾನೇ ಜಾಣತನ. ಹಾಗಿರುವಾಗ ಲೇಖನದಲ್ಲಿ "ಬರೀ ಅದೃಷ್ಟದ ಆಟ" ಎಂದು ಬರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಫಲಿಸಿದ ಮಂತ್ರವನ್ನೂ ಎಂಪವರ್ ಮಾಡಬಹುದು. ಇದು ಎಷ್ಟೋ ದಿನದಿಂದ ಆಡುವವರಿಗೂ ಮರೆತುಹೋಗುತ್ತದೆ. ಎದುರಾಳಿಯ ಚುರುಕು ಕಸಿಯುವ 'ಸ್ಲೋ' ಮಂತ್ರಕ್ಕೆ 10 ಬೇಕು, 13 ಬಿತ್ತು ಅಂದುಕೊಳ್ಳಿ. ಅದು ಯಾರ ಮೇಲೆ ಬಿತ್ತೋ ಅವನು ತನ್ನ ದಾಳಕ್ಕೆ ವಿಲ್ (ಮನೋಬಲ) ಅಂಕಿಯನ್ನು ಕೂಡಿ 13 ಮುಟ್ಟಿಸಿದರೆ ತಪ್ಪಿಸಿಕೊಂಡ ಹಾಗೆ. ವಿಲ್ ಸೊನ್ನೆ ಇರುವ ಸೈನಿಕನಿಗೆ ಆ ಅವಕಾಶ ನೂರಕ್ಕೆ 40. ಮಂತ್ರವಾದಿ ಮೊದಲೇ 3 ಹೆಲ್ತ್ ಕೊಟ್ಟು 13ನ್ನು 16 ಮಾಡಿದ್ದರೆ ನೂರಕ್ಕೆ 25ಕ್ಕೆ ಇಳಿಯುತ್ತದೆ. ಆದರೆ ಆ ಸೈನಿಕ ದಾಳ ಹಾಕುವ ಮುಂಚೆಯೇ ಕೊಡಬೇಕು. ಅವನ ದಾಳ ನೋಡಿ ಆಮೇಲೆ ಏರಿಸುತ್ತೇನೆ ಅಂದರೆ ನಡೆಯುವುದಿಲ್ಲ. ನಮ್ಮ ಟೇಬಲ್ ಮೇಲೆ ಜಗಳ ಆಗುವುದು ಮುಖ್ಯವಾಗಿ ಇಲ್ಲೇ.

ಎದುರಿನ ಮಂತ್ರವಾದಿ ದಾಳ ಹಾಕಿ ಮಂತ್ರ ಒಡೆಯುವ ನಿಯಮ ವಾರ್‌ಹ್ಯಾಮರ್ ಏಜ್ ಆಫ್ ಸಿಗ್ಮಾರ್ ಎಂಬ ಇನ್ನೊಂದು ಬೊಂಬೆ ಆಟದ್ದು. ಅಲ್ಲಿ ಮಂತ್ರ ಹಾಕುವವನು ಆರು ಮುಖದ ಎರಡು ದಾಳ ಹಾಕುತ್ತಾನೆ. ಎದುರಿನವನು ಅದಕ್ಕಿಂತ ಜಾಸ್ತಿ ಹಾಕಿದರೆ ಮಂತ್ರ ಕೆಡುತ್ತದೆ. ಎರಡೂ ಆಟ 2015ರಲ್ಲೇ ಬಂದವು, ಎರಡರಲ್ಲೂ ಗಡ್ಡದ ಮಂತ್ರವಾದಿಗಳಿದ್ದಾರೆ. ಲೇಖಕರಿಗೆ ಗೊಂದಲ ಆಗಿದ್ದರೆ ಆಶ್ಚರ್ಯವಿಲ್ಲ. ಫ್ರಾಸ್ಟ್‌ಗ್ರೇವ್‌ನಲ್ಲಿ ಮಂತ್ರ ಯಾರ ಮೇಲೆ ಬಿತ್ತೋ ಅವನು ತಡೆಯಬೇಕು. ಅದೂ ಆ ಮಂತ್ರದ ವಿವರಣೆಯಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ.

2020ರಲ್ಲಿ ಆಟದ ಎರಡನೇ ಆವೃತ್ತಿ ಬಂದಾಗ ಕೆಲವು ಮಂತ್ರಗಳು ಬದಲಾದವು. ಮೇಲೆ ಹೇಳಿದ ಲೆಕ್ಕ ಮಾತ್ರ ಹಾಗೇ ಇದೆ.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ. ಉದ್ದ ಬೇಕಾಗಿಲ್ಲ. ಎಷ್ಟು ಕಮ್ಮಿ ಬಿದ್ದರೆ ಎಷ್ಟು ಹೆಲ್ತ್ ಎಂಬ ನಾಲ್ಕು ಸಾಲು, ಎಂಪವರ್ ಬಗ್ಗೆ ಎರಡು ಸಾಲು ಸಾಕು. ಅಕ್ಷರ ಸ್ವಲ್ಪ ದಪ್ಪ ಇರಲಿ. ದಾಳ ಹಾಕುವ ಗಲಾಟೆಯಲ್ಲಿ ಸಣ್ಣ ಅಕ್ಷರ ಓದುವ ತಾಳ್ಮೆ ಮಕ್ಕಳಿಗೆ ಇರುವುದಿಲ್ಲ.

ಇಂತಿ,
ನಿವೃತ್ತ ಗಣಿತ ಉಪನ್ಯಾಸಕಿ,
ಕುವೆಂಪುನಗರ, ಮೈಸೂರು