ಮಳೆ ಅಳೆಯಲು ಕಲಿಸಿದ ಸರ್

ಮಾನ್ಯ ಸಂಪಾದಕರೇ,

ನಮಗೆ ಜಲ ಸಂಪನ್ಮೂಲ ವಿಷಯ ಕಲಿಸಿದ ಸರ್ ಹೋದ ತಿಂಗಳು ಧಾರವಾಡದಲ್ಲಿ ತೀರಿಕೊಂಡರು. ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ, ಅದಕ್ಕೆ ಬರೆಯುತ್ತಿಲ್ಲ. ಮೊದಲು ಮಲಪ್ರಭಾ ಕಾಲುವೆ ಕೆಲಸದಲ್ಲಿ ಎಂಜಿನಿಯರ್ ಆಗಿದ್ದರು, ಆಮೇಲೆ ಕಾಲೇಜಿಗೆ ಬಂದರು.

ಮೊದಲ ಪಾಠ ನಡೆದದ್ದೇ ಸೋಮೇಶ್ವರ ಗುಡಿಯಲ್ಲಿ. "ಇಲ್ಲಿ ಹುಟ್ಟೋ ಶಾಲ್ಮಲಾ ಬೇಡ್ತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗ್ತಾಳ. ನವಲಗುಂದದ ಕಡೆ ಬಿದ್ದ ಮಳಿ ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ. ನಮ್ಮ ಧಾರವಾಡ ಅಂದ್ರ ಮನಿ ಮಾಡಿನ ನೆತ್ತಿ ಇದ್ದಂಗ" ಎಂದಿದ್ದರು.

ಅವರ ಮನೆ ಮಾಳಿಗೆ ಮೇಲೆ ಮಳೆಮಾಪಕವಿತ್ತು. ದಿನಾ ಬೆಳಿಗ್ಗೆ 8.30ಕ್ಕೆ ಗಾಜಿನ ಅಳತೆ ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಪೆನ್ಸಿಲ್‌ನಿಂದ ಬರೆದಿಡುತ್ತಿದ್ದರು. ಮಳೆ ಬರದ ದಿನವೂ ಸೊನ್ನೆ ಬರೆಯಲೇಬೇಕು! 100 ಚದರ ಮೀಟರ್ ಮಾಳಿಗೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರು. ನಳದ ನೀರಿಗೆ ದಿನಗಟ್ಟಲೆ ಕಾಯುವ ಊರಲ್ಲಿ ಅಷ್ಟೂ ಸುಮ್ನೆ ಗಟಾರಕ್ಕೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಈಗಿನ ಸಿವಿಲ್ ವಿದ್ಯಾರ್ಥಿಗಳು ಜಾಸ್ತಿ ಸಾಫ್ಟ್‌ವೇರ್ ಮುಂದೆಯೇ ಕೂರುತ್ತಾರೆ. ತಪ್ಪಲ್ಲ. ಆದರೆ ಬೆಣ್ಣಿಹಳ್ಳವನ್ನೇ ನೋಡದೆ ಅದರ ಪ್ರವಾಹ ಅರ್ಥವಾಗುವುದು ಕಷ್ಟ, ಅಲ್ವಾ? ಅವಳಿ ನಗರದ ಪ್ರತಿ ಎಂಜಿನಿಯರಿಂಗ್ ಕಾಲೇಜೂ ಒಂದು ಮಳೆಮಾಪಕ ಇಟ್ಟು, ವಿದ್ಯಾರ್ಥಿಗಳ ಕೈಯಲ್ಲೇ ಲೆಕ್ಕ ಬರೆಸಲಿ.

ಸರ್ ಬರೆದ ನೋಟ್‌ಬುಕ್‌ಗಳು ಮನೆಯ ಟ್ರಂಕಿನಲ್ಲಿವೆ. ಜೋಪಾನವಾಗಿ ಇಟ್ಟುಕೊಳ್ಳುವ ಕಾಲೇಜು ಮುಂದೆ ಬಂದರೆ ಕೊಡಲು ಮನೆಯವರು ತಯಾರಿದ್ದಾರೆ.

– ಹಳೆಯ ವಿದ್ಯಾರ್ಥಿ, ಹುಬ್ಬಳ್ಳಿ